ಹಲಗೆಯೂ ಪೆಟ್ಟಿಗೆಯೂ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನನಗೆ ಹೊಸದಾಗಿ ಕಲಿಸಿದವನು ನೆರೆಮನೆಯ ವಿದ್ಯಾರ್ಥಿ. ಕಂಪ್ಯೂಟರೊಂದನ್ನು ತಾನೇ ಜೋಡಿಸುವ ಹಂಬಲದಿಂದ ಅವನು ಮದರ್‌ಬೋರ್ಡನ್ನು, ಎಂದರೆ ಯಂತ್ರದ ಅಂಗಗಳೆಲ್ಲ ಬಂದು ಕೂಡುವ ಹಲಗೆಯನ್ನು, ಕೊಂಡುತಂದಿದ್ದನು. ಹಣ ಉಳಿಯಲೆಂದು, ಕೆಟ್ಟುಹೋದ ಹಳೆಯ ಯಂತ್ರದ ಕ್ಯಾಬಿನೆಟ್ಟನ್ನೇ ಬಳಸಲು ಹೊರಟಿದ್ದನು. ಹಲಗೆ ಒಳಕ್ಕೇನೋ ಹೋಯಿತು; ತಿರುಪಿನ ರಂಧ್ರಗಳು ಕೂಡಲಿಲ್ಲ. ಅದನ್ನು ತಯಾರಿಸಿದವರು ತಮ್ಮ ಹಲಗೆಯೊಂದಕ್ಕೇ ಹೊಂದುವಂತೆ ಪೆಟ್ಟಿಗೆಯನ್ನು ಮಾಡಿದ್ದರು. ಗಟ್ಟಿಮುಟ್ಟಾದ ಪೆಟ್ಟಿಗೆ ಗುಜರಿಯ ಪಾಲಾಯಿತು.

ಹೀಗಾಗಬೇಕಾಗಿರಲಿಲ್ಲ. ಇಂಟೆಲ್ ಸಂಸ್ಥೆಯು 1995ರಲ್ಲಿಯೇ ಎಟಿಎಕ್ಸ್ ಎಂಬ ಮಾನವನ್ನು ಪ್ರಕಟಿಸಿ, ಪೂರ್ಣ ಹಲಗೆಗೆ 305 ಮಿ.ಮೀ. ಮತ್ತು 244 ಮಿ.ಮೀ. ಅಳತೆಯನ್ನೂ ತಿರುಪುಗಳಿಗೆ ನೆಲೆಗಳನ್ನೂ ಗೊತ್ತುಮಾಡಿತು. 1997ರ ಮೈಕ್ರೋ ಎಟಿಎಕ್ಸ್ 244 ಮಿ.ಮೀ. ಚೌಕ. 2001ರಲ್ಲಿ ವಿಯಾ ಸಂಸ್ಥೆ ತಂದ ಮಿನಿ ಐಟಿಎಕ್ಸ್ 170 ಮಿ.ಮೀ. ಚೌಕ. ವಿಯಾ ಆಗ ಇಂಟೆಲ್ಲಿನ ಪ್ರತಿಸ್ಪರ್ಧಿಯಾಗಿತ್ತು. ಆದರೂ ಅದರ ಪುಟ್ಟ ಹಲಗೆಯ ನಾಲ್ಕು ರಂಧ್ರಗಳು ಎಟಿಎಕ್ಸ್‌ನ ನೆಲೆಗಳಿಗೇ ಹೊಂದುತ್ತವೆ. ಆದುದರಿಂದ ದೊಡ್ಡ ಕ್ಯಾಬಿನೆಟ್ಟು ಸಾಮಾನ್ಯವಾಗಿ ಸಣ್ಣ ಹಲಗೆಗೆ ಎಡೆಗೊಡುತ್ತದೆ. ಸಣ್ಣದು ದೊಡ್ಡದಕ್ಕೆ ಕೊಡಲಾರದು.

ಕೊಳ್ಳುವವನು ಹೆಸರನ್ನು ನಂಬದೆ ಅಳತೆಯನ್ನು ನೋಡಬೇಕು. ಇಲ್ಲಿ ‘ಮೈಕ್ರೋ’ ಎಂಬುದು ‘ಮಿನಿ’ಗಿಂತ ದೊಡ್ಡದು! ಗ್ರಾಫಿಕ್ಸ್ ಕಾರ್ಡಿನ ಉದ್ದವನ್ನೂ ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ಎತ್ತರವನ್ನೂ ಮರೆಯಲಾಗದು. ಹಲಗೆಯನ್ನು ಎತ್ತಿಹಿಡಿಯುವ ಲೋಹದ ಗುಬಟುಗಳು ರಂಧ್ರವಿರುವಲ್ಲಿ ಮಾತ್ರವೇ ಇರಬೇಕು. ಹೆಚ್ಚಿನದೊಂದು ಅಡಿಯಲ್ಲಿ ತಗುಲಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಹಲಗೆಯೇ ಸುಡಬಹುದು.

ಇಂಥ ಮಾನವು ಹೊಸತನಕ್ಕೆ ಸಂಕೋಲೆಯಲ್ಲವೆ ಎಂದು ಕೇಳುವವರುಂಟು. ಕುಮಾರವ್ಯಾಸನೂ ತೊರವೆಯ ನರಹರಿಯೂ ಬಳಸಿದುದು ಭಾಮಿನಿ ಷಟ್ಪದಿಯನ್ನೇ. ಅಷ್ಟರಿಂದ ಭಾರತವೂ ರಾಮಾಯಣವೂ ಒಂದೇ ಆದುವೆ? 1995ರಿಂದ ಈಚೆಗೆ ಪ್ರೊಸೆಸರುಗಳು ಎಷ್ಟು ತಲೆಮಾರುಗಳನ್ನು ಕಂಡಿವೆ! ತಿರುಪಿನ ನೆಲೆಗಳು ಅವುಗಳಿಗೆ ಅಡ್ಡಬರಲಿಲ್ಲ. ತನ್ನದೇ ಅಳತೆಯನ್ನು ಹೂಡುವ ತಯಾರಕನಿಗೆ ಸ್ಥಳವೋ ಖರ್ಚೋ ತುಸು ಉಳಿಯಬಹುದು. ಆದರೆ ದುರಸ್ತಿಯ ದಿನ ಗಿರಾಕಿ ಅವನೊಬ್ಬನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅವನ ಉಳಿತಾಯಕ್ಕೆ ಬೆಲೆ ತೆರುವವರು ನಾವು.

ನಮ್ಮ ಶಾಲೆ ಕಾಲೇಜುಗಳು ಕಂಪ್ಯೂಟರುಗಳನ್ನು ಹತ್ತಿಪ್ಪತ್ತರ ಲೆಕ್ಕದಲ್ಲಿ ಕೊಳ್ಳುತ್ತವೆ. ಬೆಲೆ, ವೇಗಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಅಧ್ಯಾಪಕರು ಕೇಳಲಿ: “ಈ ಹಲಗೆ ಕೆಟ್ಟರೆ, ಬೇರೆಯವರ ಹಲಗೆ ಈ ಪೆಟ್ಟಿಗೆಯಲ್ಲಿ ಕೂರುವುದೆ?” ಉತ್ತರ ಬರಹದಲ್ಲಿ ಬಂದ ಮೇಲೆ ಹಣ ಕೊಟ್ಟರೆ ಸಾಕು.