ತಾಯಿಯೋ ಮಗಳೋ?

ಪದವಿ ಮುಗಿಸಿದ ನನ್ನ ಹಳೆಯ ಶಿಷ್ಯೆಯೊಬ್ಬಳು ತಂದೆಯೊಡನೆ ಮನೆಗೆ ಬಂದಿದ್ದಳು. ಕನ್ನಡ ಎಂ.ಎ.ಗೆ ಕೊಣಾಜೆಯ ಮಂಗಳಗಂಗೋತ್ರಿಯೋ, ಮೈಸೂರಿನ ಮಾನಸಗಂಗೋತ್ರಿಯೋ ಎಂಬುದು ಪ್ರಶ್ನೆ. ತಂದೆಗೆ ಕಾಸರಗೋಡಿಗೆ ಸಮೀಪದ ಕೊಣಾಜೆಯೇ ಕ್ಷೇಮ. ಮಗಳಿಗೆ ಕುಕ್ಕರಹಳ್ಳಿ ಕೆರೆಯ ಸೆಳೆತ. 1916ರಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ 1968ರಲ್ಲಿ ಹುಟ್ಟಿದ ಕೊಣಾಜೆ, 1980ರಲ್ಲಿ ಸ್ವತಂತ್ರವಾಯಿತು. ಆಯ್ಕೆ ತಾಯಿ-ಮಗಳ ನಡುವೆಯೇ!

“ಕೆರೆಯನ್ನೂ ಕಟ್ಟಡವನ್ನೂ ಕಂಡು ಮರುಳಾಗಬೇಡ. ಗುರುಗಳು ತರಗತಿಯ ಹೊರಗೂ ದೊರೆಯುವರೇ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುವುದು, ವಿದ್ಯಾರ್ಥಿನಿಯರ ನಿಲಯದಲ್ಲಿ ಸ್ಥಳವುಂಟೇ ಎಂದು ಅಲ್ಲಿ ಓದುತ್ತಿರುವವರನ್ನೇ ವಿಚಾರಿಸು” ಎಂದೆ.

“ದೂರ ಕಳುಹಿಸಿದರೆ ಇವಳು ಮರಳಿ ಬಂದಾಳೇ, ಮಾಷ್ಟ್ರೇ?” ಎಂದರು ತಂದೆ.

ನಾನು ಉತ್ತರಿಸುವ ಮೊದಲೇ ಮಗಳೆಂದಳು: “ನಮ್ಮೂರ ಶಾಲೆಗೆ ಕನ್ನಡ ಕಲಿಸುವವರು ಬೇಡವೇ, ಅಪ್ಪಾ?”

ಓದುಗರೇ, ಅವಳು ಎಲ್ಲಿಯೇ ಓದಲಿ, ನನಗಿನ್ನು ಚಿಂತೆಯಿಲ್ಲ.