ತೂತು ಕೊರೆದರೆ ವಸ್ತು ದುರ್ಬಲವಾಗುತ್ತದೆಯೇ?

ಮೈತುಂಬ ತೂತುಗಳಿರುವ ಹಾಳೆ, ಎಳೆದರೆ ತೆಳ್ಳಗಾಗುವ ಬದಲು ಅಗಲವಾಗುವ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ‘ಭೌತವಿಜ್ಞಾನದ ನಿಯಮವನ್ನೇ ಮುರಿದ ವಸ್ತು’ ಎಂಬ ಒಕ್ಕಣೆ ಅದರೊಂದಿಗೆ ಬಂದಿದ್ದರೆ ನಂಬಬೇಡಿ. ಅಂಥ ಹಾಳೆ ನಿಜ, ಒಕ್ಕಣೆ ಸುಳ್ಳು.

ತೂತಿನ ಅಪಾಯ ಎಲ್ಲಿದೆ?

ಶಾಂಪೂ ಪ್ಯಾಕೆಟ್‌ನ ಅಂಚಿನಲ್ಲಿ ಸಣ್ಣ ಸೀಳಿದ್ದರೆ ಸಲೀಸಾಗಿ ಹರಿಯುತ್ತದೆ. ಎಳೆತವೆಲ್ಲ ಸೀಳಿನ ಚೂಪಾದ ತುದಿಯಲ್ಲಿ ಒಟ್ಟುಗೂಡುವುದೇ ಕಾರಣ. ಅಗಲವಾದ ತಗಡಿನಲ್ಲಿ ಸಣ್ಣ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ 3 ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡಲಾಗಿ, ಅಗಲದ 10 ಪಟ್ಟು ಉದ್ದವಿರುವ ಅಂಡಾಕಾರದ ತೂತಾದರೆ ತುದಿಯಲ್ಲಿ 21 ಪಟ್ಟು! ಈ ಲೆಕ್ಕವನ್ನು ಬ್ರಿಟನ್ನಿನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲೇ ಕೊಟ್ಟಿದ್ದರು. ಲೋಹದ ತಗಡಿನಲ್ಲಿ ಬಿರುಕು ಮುಂದುವರಿಯದಿರಲಿ ಎಂದು ಅದರ ತುದಿಗೆ ದುಂಡು ತೂತು ಕೊರೆಯುವುದೂ ಇದೇ ಕಾರಣಕ್ಕೆ. ಅಂದರೆ, ತೂತಿನ ಆಕಾರ ಮತ್ತು ಜೋಡಣೆ ಮುಖ್ಯ.

ಎಳೆದರೆ ಅಗಲವಾಗುವುದು ಹೇಗೆ?

ಒಂದು ಸೀಳು ಅಡ್ಡ, ಪಕ್ಕದ್ದು ಉದ್ದ, ಮತ್ತೆ ಅಡ್ಡ ಹೀಗೆ ಹಾಳೆಯನ್ನು ಕೊರೆದರೆ ನಡುವೆ ಚೌಕಗಳು ಉಳಿಯುತ್ತವೆ. ಎಳೆದಾಗ ಇವು ಕೀಲಿಗೆ ಸಿಕ್ಕಿಸಿದ ಬಾಗಿಲಿನಂತೆ ತುಸು ತಿರುಗುತ್ತವೆ, ಸೀಳುಗಳು ಬಾಯ್ತೆರೆಯುತ್ತವೆ, ಹಾಳೆ ಎರಡೂ ದಿಕ್ಕಿಗೆ ಹಿಗ್ಗುತ್ತದೆ. ಇಂಥ ಗುಣದ ವಸ್ತುಗಳಿಗೆ ‘ಆಕ್ಸೆಟಿಕ್’ ಎಂದು ಹೆಸರು. 1987ರಲ್ಲಿ ಅಮೆರಿಕದ ರೋಡ್ರಿಕ್ ಲೇಕ್ಸ್ ಈ ಗುಣದ ಫೋಮ್ ತಯಾರಿಸಿ ತೋರಿಸಿದರು. ಯಾವ ನಿಯಮವೂ ಮುರಿದಿಲ್ಲ.

ಇದರಿಂದ ಏನು ಉಪಯೋಗ?

ಜೆಟ್ ಎಂಜಿನ್‌ನಲ್ಲಿ ಇಂಧನ ಉರಿಯುವ ಕೋಣೆಯ ಗೋಡೆ ಎಲ್ಲೆಡೆ ಒಂದೇ ಸಮ ಕಾಯುವುದಿಲ್ಲ. ಹೆಚ್ಚು ಕಾದ ಭಾಗ ಹಿಗ್ಗಲು ಹೋದಾಗ ಸುತ್ತಲಿನ ಭಾಗ ತಡೆಯುತ್ತದೆ. ಇದು ಪದೇ ಪದೇ ನಡೆದರೆ ಬಿರುಕು ಬೀಳುತ್ತದೆ. ಗೋಡೆಯೇ ತುಸು ಬಿಟ್ಟುಕೊಡುವಂತಿದ್ದರೆ ಆ ಒತ್ತಡ ಇಳಿಯುತ್ತದೆ. ತೂತುಗಳು ಹಿಡಿಯುವ ಜಾಗ ಕಡಿಮೆಯಿದ್ದರೂ ಲೋಹಕ್ಕೂ ಈ ಗುಣ ಬರುತ್ತದೆ ಎಂದು ಹಾರ್ವರ್ಡ್‌ನ ಕಾತ್ಯಾ ಬರ್ತೋಲ್ಡಿ ಮತ್ತು ಸಂಗಡಿಗರು 2014ರಲ್ಲಿ ಅಲ್ಯೂಮಿನಿಯಂ ಹಾಳೆಯಲ್ಲಿ ತೋರಿಸಿದರು.

ಮಿತಿಯೂ ಇದೆ. ಸೀಳಿನ ತುದಿಗಳಲ್ಲಿ ಒತ್ತಡ ಇನ್ನೂ ಹೆಚ್ಚೇ. ಅದಕ್ಕಾಗಿ ತುದಿಗಳನ್ನು ದುಂಡಗೆ ಮಾಡಿ, ಸೀಳುಗಳನ್ನು ಬಳುಕಿಸಿ ನೋಡಲಾಗುತ್ತಿದೆ. ಜೊತೆಗೆ, ಸುಲಭವಾಗಿ ಹಿಗ್ಗುವ ಹಾಳೆ ಭಾರ ಹೊರಲು ಅಷ್ಟು ಗಟ್ಟಿಯಲ್ಲ.

ಆದ್ದರಿಂದ ‘ತೂತು ಕೊರೆದರೆ ಗಟ್ಟಿ’ ಎಂದು ಇದನ್ನು ಫಾರ್ವರ್ಡ್ ಮಾಡಬೇಡಿ. ಪೈಪ್ ಹಾಯಿಸಲು ಮನೆಯ ಪಿಲ್ಲರ್, ಬೀಮ್‌ಗಳಿಗೆ ತೂತು ಕೊರೆಯುವ ಮುನ್ನ ಎಂಜಿನಿಯರನ್ನು ಕೇಳಲೇಬೇಕು.