ಪುಕ್ಕಟೆ ಕೊಟ್ಟವರನ್ನೇ ಬೈಯಬೇಕೇ?



ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮಲ್ಲಿ ಜೋರು ಮಾತಾಯಿತು. ಹಿಂದೂಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ನಾಲ್ವರು, ಕಲ್ಯಾಣದುರ್ಗದ ಇಬ್ಬರು, ಎಲ್ಲರೂ ವೆಬ್‌ಸೈಟ್ ಕೆಲಸದವರೇ. ಓಪನ್ ಸೋರ್ಸ್ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಭದ್ರತಾ ದೋಷ ಕಂಡರೆ ತಪ್ಪೆಲ್ಲ ಅದನ್ನು ಬರೆದವರದೇ ಎಂಬುದು ಅವರ ವಾದ. ಯುವಬಳಗ ನಡೆಸುವ ನಾವು ಇದನ್ನು ಒಪ್ಪುವುದಿಲ್ಲ.

ಜೇಕ್ವೆರಿಯನ್ನೇ ನೋಡಿ. ಹೊರಗಿನಿಂದ ಬಂದ ಎಚ್‌ಟಿಎಂಎಲ್ ಅನ್ನು ಸೋಸಿ ಪುಟಕ್ಕೆ ಸೇರಿಸಿದರೂ ಅದರಲ್ಲಿ ಅಡಗಿದ ಕೋಡ್ ಓಡಿಬಿಡುವ ದೋಷವೊಂದು 1.2ನೇ ಆವೃತ್ತಿಯಿಂದಲೂ ಇತ್ತು. 2020ರ ಏಪ್ರಿಲ್‌ನಲ್ಲಿ 3.5.0 ಬಿಡುಗಡೆ ಮಾಡಿ ಅದನ್ನು ಮುಚ್ಚಿದರು. ಅವರ ಪಾಲಿನ ಕೆಲಸ ಮುಗಿಯಿತು. ನಾವೇನು ಮಾಡಿದೆವು? ಪೂಜೆಯ ವೇಳೆ ತಿಳಿಸಲು ನಾವೇ ಕಟ್ಟಿದ ಪುಟದಲ್ಲಿ ಮೊನ್ನೆಯವರೆಗೂ 1.12 ಇತ್ತು. ಬದಲಿಸಿದರೆ ಫೋಟೋ ಸ್ಲೈಡರ್ ಕೆಡುತ್ತದೆ ಎಂಬ ಒಂದೇ ನೆಪ!

2018ರ ಈವೆಂಟ್-ಸ್ಟ್ರೀಮ್ ಕಥೆ ಇನ್ನೂ ಬೇಸರದ್ದು. ಡೊಮಿನಿಕ್ ಟಾರ್ ಎಂಬವರು ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದರು. ತಾವೇ ಅದನ್ನು ಬಳಸುವುದು ಬಿಟ್ಟು ವರ್ಷಗಳಾಗಿದ್ದವು. ಮುಂದೆ ನಾನು ನೋಡಿಕೊಳ್ಳುತ್ತೇನೆ ಎಂದ ಅಪರಿಚಿತನೊಬ್ಬನಿಗೆ ಒಪ್ಪಿಸಿದರು. ಅವನ ಕೈಗೆ ಹೋದ ಮೇಲೆ ಕೋಪೇ ಎಂಬ ಬಿಟ್‌ಕಾಯಿನ್ ವಾಲೆಟ್‌ನಿಂದ ಕದಿಯುವ ಕೋಡ್ ಒಳಗೆ ಸೇರಿತು. ನವೆಂಬರ್‌ನಲ್ಲಿ ಬಯಲಾದಾಗ ಬೈಗುಳ ಬಿದ್ದದ್ದು ಟಾರ್ ಮೇಲೆ. ಅಪರಿಚಿತನಿಗೆ ಕೊಟ್ಟದ್ದು ಸರಿಯೆಂದು ನಾವು ಹೇಳುತ್ತಿಲ್ಲ. ಆದರೆ ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಗುತ್ತಿತ್ತಲ್ಲ, ಆ ಕಂಪನಿಗಳಲ್ಲಿ ಎಷ್ಟು ಮಂದಿ ಅವರ ಕೈ ಹಿಡಿದಿದ್ದರು?

ಇನ್ನು, ದೋಷ ಕಂಡ ಕೂಡಲೇ ವಾಟ್ಸ್ಯಾಪ್ ಸ್ಟೇಟಸ್ ಹಾಕುವ ತಮ್ಮಂದಿರೇ, ತಂಗಿಯರೇ! ರಿಪೇರಿಗೆ ಮೊದಲೇ ಊರಿಗೆಲ್ಲ ಸಾರಿದರೆ ಕಳ್ಳನಿಗೆ ಹಿತ್ತಿಲ ಬಾಗಿಲು ತೋರಿಸಿದಂತೆ. ಹಲವು ಲೈಬ್ರರಿಗಳು ಸೆಕ್ಯುರಿಟಿ ಎಂಬ ಕಡತದಲ್ಲೇ ವಿಳಾಸ ಕೊಟ್ಟಿರುತ್ತವೆ. ಅಲ್ಲಿಗೆ ಗುಟ್ಟಾಗಿ ಬರೆಯಿರಿ. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಇದೆ. ಇಂಥ ದೂರು ತೆಗೆದುಕೊಳ್ಳುವುದು ಅದರ ಕೆಲಸ. 90 ದಿನ ಕಾಯುವ ವಾಡಿಕೆಯಿದೆ. ಆಮೇಲೂ ಯಾರೂ ಬಾಯಿಬಿಡದಿದ್ದರೆ ಬಹಿರಂಗ ಮಾಡಿ, ನಮ್ಮ ತಕರಾರಿಲ್ಲ.

ಈ ಶನಿವಾರ ಸಂಜೆ ಎಲ್ಲರೂ ಲ್ಯಾಪ್‌ಟಾಪ್ ತನ್ನಿ. ಎನ್‌ಪಿಎಂ ಆಡಿಟ್ ಓಡಿಸಿ, ಕೆಂಪಗೆ ಬಂದ ಸಾಲುಗಳನ್ನು ಒಂದೊಂದಾಗಿ ಓದೋಣ. ಮೊದಲು ಕಲ್ಯಾಣದುರ್ಗದವರು ಮಾಡಿಕೊಟ್ಟ ಅಂಗಡಿ ಬಿಲ್ಲಿನ ಪುಟ. ಅದರಲ್ಲಿ ಗಿರಾಕಿಗಳ ಫೋನ್ ನಂಬರುಗಳಿವೆ.